ಅವ್ವನ ದನಿ ಹುಡುಕಿದ ಮುಂಗಾರು

ಸತ್ಯಮಂಗಲದಿಂದ ಹೊರಟ ಬಸ್ಸು ತಿರುವುಗಳನ್ನೆಲ್ಲ ಹತ್ತಿ ದಿಂಬಂನ ಚಹದಂಗಡಿಗಳ ಮುಂದೆ ನಿಂತಾಗ ಯಾರ ಮೂಗಿಗಾದರೂ ಮೊದಲು ಬಡಿಯುವುದು ಲಾರಿಗಳ ಬ್ರೇಕು ಕಾದ ವಾಸನೆ. ಕಳೆದ ವಾರ ನನಗೆ ಬಡಿದದ್ದು ಬೇರೆ. ಪಕ್ಕದ ಸೀಟಿನಲ್ಲಿ ಕೂತಿದ್ದ ಹೆಂಗಸು ಕುತ್ತಿಗೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ, ಒಳಗಿದ್ದ ಬಾಡಿದ ಸೊಪ್ಪನ್ನು ಬೆರಳಿನಿಂದ ಸರಿಮಾಡಿ, ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು. ಲಕ್ಕಿ ಸೊಪ್ಪು. ಬಿಸಿ ಮಾಡಿದ ಲಕ್ಕಿ ಸೊಪ್ಪಿಗೆ ಗಂಟಲಿಗೇ ಇಳಿಯುವಂಥ ಒಂದು ಘಾಟು. ಮೈಕೈ ನೋವಿಗೆ, ಬಾಣಂತಿಯ ನೀರಿಗೆ ಹಾಕುವ ಆ ಬಡಪಾಯಿ ಸೊಪ್ಪಿನ ಮೇಲೆ ಯಾರಿಗೂ ಸಿಟ್ಟಿರಲಾರದು. ನನಗಿದೆ.

ಹೆಂಗಸಿನ ಹೆಸರು ಪುಟ್ಟತಾಯಮ್ಮ. ನಾನು ಹೋಗುತ್ತಿದ್ದ ನಮ್ಮೂರಿನ ಮದುವೆಗೇ ಆಕೆಯೂ ಹೊರಟಿದ್ದಳು, ಮದುಮಗಳ ಸೋದರತ್ತೆಯಂತೆ. ಬಟ್ಟೆಯ ಕೆಳಗೆ ಗಡ್ಡೆ ಇದ್ದದ್ದು ಕಂಡಿತು. ಬಾಯಿ ತುದಿಗೆ ಬಂದ ಉಪದೇಶವನ್ನು ನುಂಗಿಕೊಂಡೆ. ಟೀಚರಾದವಳಿಗೆ ಅದು ಸುಲಭದ ಕೆಲಸವಲ್ಲ. ಕಿಟಕಿಯಾಚೆ ಕಾಡು ನೋಡುತ್ತಾ ಕೂತೆ, ಅವ್ವನ ಕುತ್ತಿಗೆಗೆ ಇದೇ ಸೊಪ್ಪು ಕಟ್ಟಿದ್ದ ಆ ವರ್ಷ ಪೂರ್ತಿಯಾಗಿ ಬಂದು ಪಕ್ಕದಲ್ಲಿ ಕೂತಿತು.

ಆ ವರ್ಷ ನನಗೆ ಬರ್ಗೂರು ಬೆಟ್ಟದ ಶಾಲೆಯಿಂದ ತಾಳವಾಡಿಗೆ ವರ್ಗವಾಗಿತ್ತು. ಗಂಡನಿಗೆ ಈರೋಡಿನಲ್ಲಿ ಕೆಲಸ, ಹಾಗಾಗಿ ನಾನು ತವರಲ್ಲೇ ಉಳಿದುಕೊಂಡೆ. ತಾಳಮಲೆಯ ದಾರಿಯಲ್ಲಿರುವ ನಮ್ಮ ಮನೆಯಲ್ಲಿ ಅವ್ವ, ಬೇಸಾಯ ನೋಡಿಕೊಳ್ಳುವ ತಮ್ಮ ಸಿದ್ದರಾಜು, ಅವನ ಹೆಂಡತಿ ಗೌರಿ. ಆಷಾಢದ ಗಾಳಿ ಆಗಲೇ ಹೆಂಚು ಅಲುಗಾಡಿಸಲು ಶುರುಮಾಡಿತ್ತು. ನಮ್ಮಲ್ಲಿ ಮುಂಗಾರು ಧೋ ಎಂದು ಸುರಿಯುವುದಿಲ್ಲ. ಗಾಳಿಯ ಜೊತೆ ಸಣ್ಣಗೆ ತೂರಿಕೊಂಡು ಬರುತ್ತದೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ.

ಅವ್ವನ ಕುತ್ತಿಗೆಯಲ್ಲಿ ಅವರೆಕಾಳಿನಷ್ಟಿದ್ದ ಗಂಟು ಆ ಹೊತ್ತಿಗೆ ನಿಂಬೆಹಣ್ಣಿಗಿಂತ ದೊಡ್ಡದಾಗಿತ್ತು. ಕೊಯಮತ್ತೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸೂಜಿ ಚುಚ್ಚಿ ನೋಡಿ, ಕೆಟ್ಟ ಗಡ್ಡೆಯಲ್ಲ, ಥೈರಾಯ್ಡ್ ಊದಿಕೊಂಡಿದೆ, ಆದರೆ ಉಸಿರ ಕೊಳವೆಯನ್ನು ಒತ್ತುತ್ತಿದೆ, ತೆಗೆಸಬೇಕು ಎಂದರು. ಮದುವೆಗಳಲ್ಲಿ ಪದ ಹಾಡುವ ಅವ್ವ ಕೇಳಿದ್ದು ಒಂದೇ ಪ್ರಶ್ನೆ.

"ಆಮೇಲ ಪದ ಏಳಕ ಆಯ್ತದಾ ಸ್ವಾಮಿ?"

ಹೊರಗೆ ಜನ ತುಂಬಿದ್ದರು. ಡಾಕ್ಟರರು ಕಾಗದದಿಂದ ತಲೆಯೆತ್ತದೆ "ಪಾಕ್ಕಲಾಂ ಅಮ್ಮಾ" ಎಂದರು. ನೋಡೋಣ ಎಂದರ್ಥ. ಆ ಒಂದು ಮಾತು ನಮ್ಮ ಮನೆಯಲ್ಲಿ ಏನೇನು ಮಾಡಿತು ಎಂಬುದು ಪಾಪ, ಅವರಿಗೆ ಗೊತ್ತಿಲ್ಲ.

ಅವ್ವ ನಮ್ಮ ಸುತ್ತಿನ ಊರುಗಳಲ್ಲಿ ಸೋಬಾನೆಯ ಸೊಲ್ಲೆತ್ತಿ ಕೊಡುವವಳು. ಅವಳು ಒಂದು ಸಾಲು ಹೇಳಿ ಬಿಟ್ಟರೆ ಉಳಿದವರು ಅದನ್ನು ಹಿಡಿದುಕೊಂಡು ಹೋಗುತ್ತಾರೆ. ಎಣ್ಣೆ ಶಾಸ್ತ್ರವಿರಲಿ, ಧಾರೆಯಿರಲಿ, ಅವಳು ಬರುವವರೆಗೆ ಹೆಂಗಸರು ಸುಮ್ಮನೆ ಕೂತಿರುತ್ತಿದ್ದರು. ಅಪ್ಪ ಹೋದ ಮೇಲೆ ಅವಳನ್ನು ಎಬ್ಬಿಸಿ ನಿಲ್ಲಿಸಿದ್ದು ಮಕ್ಕಳಾದ ನಾವಲ್ಲ, ಆ ಪದಗಳು. ಇದು ನನಗೆ ಗೊತ್ತಿತ್ತು, ಸಿದ್ದರಾಜುವಿಗೂ ಗೊತ್ತಿತ್ತು. ಅದಕ್ಕೇ ಅವನು ಬಸ್ಸಿನಲ್ಲೇ ಫೋನು ತೆಗೆದು, ಆಪರೇಷನ್ ಮಾಡಿಸಿದರೆ ದನಿ ಹೋಗುತ್ತಾ ಎಂದು ಇಂಟರ್‌ನೆಟ್ಟನ್ನು ಕನ್ನಡದಲ್ಲಿ ಕೇಳಿಬಿಟ್ಟ.

"ನೋಡಕ್ಕ, ಇಲ್ಲೇ ಬರ್ದಾರ. ಕುಯ್ಸುದ್ರ ದನಿ ಒಂಟೋಯ್ತದಂತ. ಒಬ್ರಲ್ಲ, ಎಲ್ಲಾ ಕಡ್ಲೂ ಅದ್ನೇ ಬರ್ದಾರ."

ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಾಳೆಂದು ನಾವು ತಿಳಿದಿದ್ದ ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. ಮನೆಗೆ ಬಂದು ಕಾಲು ತೊಳೆದವಳೇ ಹೇಳಿದಳು:

"ಕತ್ತ ಕುಯ್ಸ್ಕಂಡು ಮೂಗಿಯಾಗಿ ಕುಂತ್ಕಳದ್ಕಿಂತ, ಇರಗಂಟ ಪದ ಏಳ್ಕಂಡು ಓಯ್ತೀನಿ ಬುಡಮ್ಮಿ."

ಮಾರನೆಯ ದಿನದಿಂದ ಲಕ್ಕಿ ಸೊಪ್ಪು ಶುರುವಾಯಿತು. ಅದೂ ಫೋನಿನಲ್ಲೇ ಬಂದದ್ದು. ಬಿಸಿ ಸೊಪ್ಪು ಕಟ್ಟಿ, ಮೇಲೆ ತಾನು ಮಾರುವ ಒಂದು ಎಣ್ಣೆ ಹಚ್ಚಿದರೆ ಗಡ್ಡೆ ತಾನಾಗಿ ಕರಗುತ್ತದೆ ಎಂದು ವೀಡಿಯೋದಲ್ಲಿ ಒಬ್ಬ ಹೇಳುತ್ತಿದ್ದ. ಸಿದ್ದರಾಜು ಬೆಳಗಾದರೆ ತೂರುವ ಮಳೆಯಲ್ಲಿ ಗೋಣಿಚೀಲ ತಲೆಗೆ ಹಾಕಿಕೊಂಡು ಹಳ್ಳದ ದಂಡೆಗೆ ಹೋಗಿ ಎಳೆಯ ಸೊಪ್ಪು ಹುಡುಕಿ ತರುತ್ತಿದ್ದ. ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು, ತನ್ನ ಮೊಣಕೈಗೆ ಒತ್ತಿ ಬಿಸಿ ನೋಡಿ, ಆಮೇಲೆ ಕಟ್ಟುತ್ತಿದ್ದ. ನನ್ನ ತಮ್ಮ ಅಷ್ಟು ಮೃದುವಾಗಿ ಏನನ್ನಾದರೂ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

ನಾನು ಸುಮ್ಮನೆ ಕೂರುವವಳಲ್ಲ. ನಾನೂ ಹುಡುಕಿದೆ. ಮನೆಯಲ್ಲಿ ಸಿಗ್ನಲ್ಲು ಬರುತ್ತಿದ್ದದ್ದು ಹಿತ್ತಿಲ ಹುಣಸೆ ಮರದ ಕೆಳಗೆ ಮಾತ್ರ. ಕೊಡೆ ಹಿಡಿದು ನಿಂತು ಕಂಡಕಂಡದ್ದನ್ನೆಲ್ಲ ಓದಿ, ಉಪಯೋಗಕ್ಕೆ ಬಂದೀತೆಂದು ಉಳಿಸಿಟ್ಟುಕೊಂಡೆ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ರೇಷನ್ ಕಾರ್ಡು ತೋರಿಸಿದರೆ ಎಲ್ಲವೂ ಉಚಿತ ಎಂದು ಓದಿ ಖುಷಿಯಿಂದ ಫೋನು ಮಾಡಿದರೆ, ಆ ಕಡೆಯವರು ಯಾವ ಜಿಲ್ಲೆ ಎಂದರು. ತಮಿಳುನಾಡಿನ ಈರೋಡು ಎಂದೆ. ನಿಮ್ಮ ಕಾರ್ಡು ಇಲ್ಲಿ ನಡೆಯುವುದಿಲ್ಲಮ್ಮ ಎಂದರು. ಕನ್ನಡದಲ್ಲಿ ಕೇಳಿದರೆ ಇಂಟರ್‌ನೆಟ್ಟು ನಮ್ಮನ್ನು ಕರ್ನಾಟಕದವರೆಂದೇ ತಿಳಿದು ಉತ್ತರ ಕೊಡುತ್ತದೆ. ಮನೆಮಾತು ಒಂದು, ರೇಷನ್ ಕಾರ್ಡು ಇನ್ನೊಂದು ಆಗಿರುವ ನಮ್ಮಂಥವರು ಇದ್ದೇವೆಂದು ಅದಕ್ಕೆ ಯಾರೂ ಹೇಳಿಲ್ಲ.

ತಾಳವಾಡಿ ಪೇಟೆಯಲ್ಲಿ ಒಂದು ಗ್ರಂಥಾಲಯವಿದೆ. ನೂಲಗ ಎಂದು ತಮಿಳಿನಲ್ಲೇ ಕರೆಯುವುದು ರೂಢಿ. ಅಲ್ಲಿನ ಗ್ರಂಥಪಾಲಕಿ ಸೆಲ್ವಿ ಬೆಟ್ಟದ ಕೆಳಗಿನ ಗೋಬಿ ಊರಿನ ತಮಿಳಿನವಳು. ಪೇಪರು ಓದಲು ಬರುವ ಮುದುಕರ ಜೊತೆ ಮಾತಾಡಿ ಮಾತಾಡಿ ಕನ್ನಡ ಕಲಿತಿದ್ದಳು. ಶಾಲೆ ಬಿಟ್ಟ ಮೇಲೆ ಬಸ್ಸು ಬರುವವರೆಗೆ ನಾನು ಅಲ್ಲಿ ಕೂರುತ್ತಿದ್ದೆ, ಅಲ್ಲಿ ಎರಡು ಕಂಪ್ಯೂಟರುಗಳಿದ್ದವು, ಗಾಳಿಮಳೆಗೂ ನೆಟ್ ಹೋಗುತ್ತಿರಲಿಲ್ಲ. ಒಂದು ದಿನ ನಾನು ಪರದೆಯ ಮುಂದೆ ಕಣ್ಣೊರೆಸಿಕೊಳ್ಳುವುದನ್ನು ನೋಡಿ ಕುರ್ಚಿ ಎಳೆದುಕೊಂಡು ಬಂದು ಕೂತಳು. ಎಲ್ಲ ಹೇಳಿ, ದನಿ ಹೋಗುತ್ತದೆ ಎಂದು ಬರೆದಿದ್ದ ಪುಟ ತೋರಿಸಿದೆ.

"ಯಾರ್ ಬರ್ದದ್ದು ಟೀಚರ್ ಇದು? ಪೇರು, ಹೆಸರು ಅದೆಯಾ?"

ಹುಡುಕಿದೆ. ಹೆಸರಿರಲಿಲ್ಲ.

"ಯಾವಾಗ ಬರ್ದದ್ದು?" ಅದೂ ಇರಲಿಲ್ಲ. "ಕೆಳಗ ಓಗಿ. ಇನ್ನೂ ಕೆಳಗ." ಪುಟದ ತಳದಲ್ಲಿ ಎಣ್ಣೆಯ ಬಾಟಲಿ ನಗುತ್ತಾ ನಿಂತಿತ್ತು. ಮೇಲೆ ಭಯ, ಕೆಳಗೆ ಎಣ್ಣೆ.

"ಆದರೆ ಎಲ್ಲರೂ ಇದನ್ನೇ ಹೇಳಿದ್ದಾರಲ್ಲ" ಎಂದೆ. ಸೆಲ್ವಿ ಮೌಸನ್ನು ತನ್ನ ಕಡೆ ಎಳೆದುಕೊಂಡಳು. ನಾನು ಉಳಿಸಿಟ್ಟಿದ್ದ ಪುಟಗಳನ್ನು ಒಂದರ ಪಕ್ಕ ಒಂದು ತೆರೆದಿಟ್ಟಳು. ಎಲ್ಲದರಲ್ಲೂ ಅದೇ ಮಾತು, ಅದೇ ಚಿತ್ರ, ಅದೇ ಹೆಂಗಸಿನ ಅದೇ ಕುತ್ತಿಗೆ. ಒಬ್ಬ ಬರೆದದ್ದನ್ನು ಉಳಿದವರು ಎತ್ತಿ ತಮ್ಮ ತಮ್ಮ ಅಂಗಡಿಯಲ್ಲಿಟ್ಟುಕೊಂಡಿದ್ದರು. ಊರೆಲ್ಲ ಹೇಳಿತು ಎಂದು ನಾವು ನಡುಗಿದ್ದು ಒಬ್ಬನೇ ಒಬ್ಬನ ಮಾತಿಗೆ. ನನಗೆ ನಗು ಬಂತು, ಅದರ ಹಿಂದೆಯೇ ಮೈ ಉರಿಯುವಷ್ಟು ಸಿಟ್ಟು.

ಇನ್ನೊಂದು ಮಾತನ್ನೂ ಅವಳು ಹೇಳಿದಳು. ದನಿ ಹೋಗುತ್ತಾ ಎಂದು ಕೇಳಿದರೆ ಹೋಗುತ್ತೆ ಎನ್ನುವವರೇ ಮುಂದೆ ಬಂದು ನಿಲ್ಲುತ್ತಾರೆ. ಆಪರೇಷನ್ ಆದ ಮೇಲೆ ದನಿ ಏನಾಗುತ್ತದೆ ಎಂದು ಕೇಳಿ. ಕನ್ನಡದಲ್ಲಿ ಕೇಳಿ, ತಮಿಳಲ್ಲಿ ಕೇಳಿ, ಇಂಗ್ಲಿಷಲ್ಲೂ ಕೇಳಿ. ಮೂರೂ ಕಡೆ ಒಬ್ಬರನ್ನೊಬ್ಬರು ನೋಡಿ ಬರೆಯದವರು ಒಂದೇ ಮಾತು ಹೇಳಿದರೆ ಆಗ ನಂಬೋಣ.

ಹಾಗೆ ಕೇಳಿದಾಗ ಒಂದು ವೈದ್ಯಕೀಯ ಕಾಲೇಜಿನ ಪುಟ ಸಿಕ್ಕಿತು. ಬರೆದ ಡಾಕ್ಟರರ ಹೆಸರು, ತಿದ್ದಿದ ವರ್ಷ, ಎಲ್ಲಿಂದ ತಿಳಿದದ್ದು ಎಲ್ಲವೂ ಇತ್ತು. ತಮಿಳಿನ ಬೇರೊಂದು ಪುಟವೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿತು. ದನಿಯ ನರ ಆ ಗಡ್ಡೆಯ ಹಿಂದೆಯೇ ಹಾದುಹೋಗುತ್ತದೆ. ಕೆಲವರಿಗೆ ಕೆಲವು ವಾರ ದನಿ ಒಡೆಯಬಹುದು, ಹೆಚ್ಚಿನವರಿಗೆ ಮರಳುತ್ತದೆ. ಅಪರೂಪಕ್ಕೆ ಪೂರ್ತಿ ಮರಳದೆಯೂ ಇರಬಹುದು. ಹಾಡುವವರಾದರೆ ಮೊದಲೇ ಡಾಕ್ಟರರಿಗೆ ಹೇಳಬೇಕು. ಅಂದರೆ ಎಣ್ಣೆಯವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಒಂದು ಚೂರು ನಿಜ ಹಿಡಿದು ಉಳಿದದ್ದನ್ನು ಹೆದರಿಕೆಯಿಂದ ತುಂಬಿದ್ದ. ಪೂರ್ತಿ ಸುಳ್ಳಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನಾನು ಉಳಿಸಿಟ್ಟಿದ್ದನ್ನು ನೋಡಿ ಸೆಲ್ವಿ ತಲೆ ಚಚ್ಚಿಕೊಂಡಳು. ಇಲಾಖೆಯ ಸುತ್ತೋಲೆ, ರಾಗಿ ಹಲ್ವ ಮಾಡುವ ಬಗೆ, ಆನೆ ಬಾರದಂತೆ ಬೇಲಿಗೆ ಜೇನುಪೆಟ್ಟಿಗೆ ಕಟ್ಟುವುದು, ಅವ್ವನ ಗಂಟಲು, ಎಲ್ಲವೂ ಒಂದೇ ರಾಶಿ. ನಮ್ಮ ಮನೆಯ ಗೋಡೆಯಲ್ಲಿರುವಂತೆ ಫೋನಿನೊಳಗೂ ಗೂಡು ಮಾಡೋಣ ಎಂದಳು. ಅವ್ವನ ಗಂಟಲಿಗೆ ಒಂದು ಗೂಡು. ಅದರೊಳಗೆ ಬರೆದವರು ಯಾರೆಂದು ಗೊತ್ತಿರುವವು ಒಂದು ಕಡೆ, ಡಾಕ್ಟರರನ್ನು ಕೇಳಿಯೇ ತಿಳಿಯಬೇಕಾದವು ಇನ್ನೊಂದು ಕಡೆ. ಪ್ರತಿಯೊಂದರ ಕೆಳಗೂ ಇದನ್ನು ಯಾಕೆ ಇಟ್ಟುಕೊಂಡೆ ಎಂದು ಒಂದು ಸಾಲು ಬರೆಯಬೇಕು. ಬರೆಯಲು ಆಗದಿದ್ದರೆ ತೆಗೆದುಹಾಕಬೇಕು. ಮಳೆಯ ಆ ಸಂಜೆಗಳಲ್ಲಿ ಬರೆಯಲಾಗದೆ ತೆಗೆದುಹಾಕಿದ್ದೇ ಹೆಚ್ಚು. ಉಳಿದವು ಒಂದು ಕೈಯಲ್ಲಿ ಎಣಿಸುವಷ್ಟು. ನನ್ನ ಎದೆಯೂ ಅಷ್ಟು ಹಗುರವಾಯಿತು.

ಒಂದು ಭಾನುವಾರ ಅವ್ವ ಜಗಲಿಯಲ್ಲಿ ಮೊರ ಹಿಡಿದು ಅವರೆ ಬಿತ್ತನೆ ಆರಿಸುತ್ತಿದ್ದಳು. ರಾಗಿಯ ಸಾಲಿನ ನಡುವೆ ಹಾಕುವ ಅವರೆ. ಪಕ್ಕದ ಕೇರಿಯವಳು ಒಂದು ಸೇರು ಹೊಸ ಬೀಜ ತಂದುಕೊಟ್ಟು ಚೆನ್ನಾಗಿದೆ ಎಂದಳು. ಅವ್ವ ಕಾಳನ್ನು ಬೆಳಕಿಗೆ ಹಿಡಿದು ಶುರುಮಾಡಿದಳು.

"ಯಾರ ಒಲದ್ದವ್ವ? ಯಾವ ವರ್ಸದ್ದು? ಕೆಮ್ಮಣ್ಣಲ್ಲಿ ಬಂದದ್ದಾ, ಕರಿಮಣ್ಣಲ್ಲಾ? ನೀನೇ ಬಿತ್ತಿ ನೋಡಿದ್ದೀಯಾ, ಇಲ್ಲ ಕೊಟ್ಟವ್ರು ಏಳುದ್ರಾ?"

ನಮ್ಮಲ್ಲಿ ಬಿತ್ತನೆ ಕೊಡುವವರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಕೇಳದೆ ತೆಗೆದುಕೊಂಡರೆ ಅವರಿಗೇ ಒಂಥರಾ. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಯಾಕೆ ನಗುತ್ತೀಯ ಎಂದಳು. ಸೆಲ್ವಿ ಕೇಳುವುದನ್ನೆಲ್ಲ ಹೇಳಿದೆ. ಅವ್ವ ಮೊರ ಕೆಳಗಿಟ್ಟಳು.

"ಅಂಗಾರ ಆ ಪೋನ್ನಾಗ ಬರದ್ನೂ ಬಿತ್ತನ ಕೇಳ್ದಂಗ ಕೇಳ್ಬೇಕು ಅನ್ನು." ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಹಾಕಿ, "ಸರಿ, ದನಿ ಓಗದಿಲ್ಲ ಅಂತ ಆ ಕಾಲೇಜ್ನವ್ರು ಬರ್ದಾರಾ?"

"ಇಲ್ಲ ಅವ್ವ. ಹೆಚ್ಚಿನವರಿಗೆ ಹೋಗೋದಿಲ್ಲ ಅಂತ ಬರೆದಿದ್ದಾರೆ."

"ನಂಗ?"

ಅವಳು ಮೊರ ಎತ್ತಿಕೊಂಡಳು.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೊಲದಲ್ಲಿ. ರಾಗಿ ಕಳೆಗೆ ಹೆಂಗಸರು ಸಾಲು ಹಿಡಿದು ಕೂತಿದ್ದರು. ಶನಿವಾರ ರಜೆಯೆಂದು ನಾನೂ ಇದ್ದೆ. ಅವ್ವ ಎಂದಿನಂತೆ ಸೊಲ್ಲೆತ್ತಿದಳು. ಎರಡನೆಯ ಸಾಲಿನ ನಡುವೆ ಉಸಿರು ಸಿಕ್ಕಿಕೊಂಡಿತು. ಮತ್ತೆ ಎತ್ತಿದಳು, ಮತ್ತೆ ಅಲ್ಲೇ ನಿಂತಿತು. ಯಾರೂ ತಲೆಯೆತ್ತಲಿಲ್ಲ. ಎಲ್ಲರ ಕೈಯೂ ಕಳೆಯ ಮೇಲೇ ಇತ್ತು. ಆಮೇಲೆ ಗೌರಿ ಮೆಲ್ಲಗೆ ಆ ಸಾಲನ್ನು ಹಿಡಿದು ಮುಂದುವರಿಸಿದಳು. ಅವ್ವ ಸಂಜೆಯವರೆಗೆ ಕಳೆ ಕೀಳುತ್ತಲೇ ಇದ್ದಳು. ಕುಯ್ಯಿಸದೆ ಕಾಪಾಡಿಕೊಳ್ಳಲು ಹೊರಟಿದ್ದ ದನಿಯನ್ನು ಆ ಗಡ್ಡೆಯೇ ತಿನ್ನುತ್ತಿದೆ ಎಂದು ಅವಳಿಗೆ ತಿಳಿದದ್ದು ಆಗ.

ಮನೆಗೆ ಬಂದು ಅವಳೇ ಬಟ್ಟೆ ಬಿಚ್ಚಿ ಸೊಪ್ಪನ್ನು ತಿಪ್ಪೆಗೆ ಹಾಕಿದಳು. ಸಿದ್ದರಾಜು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡಿದ.

"ಅಂಗಾರ ಇಸ್ಟ್ ದಿನ ನಾ ಕಟ್ಟಿದ್ದು ಸುಮ್ನೆಯಾ? ನಿನ್ನ ಸಾಯ್ಸಕಾ ಕಟ್ಟಿದ್ದು ನಾನು?"

"ನಿನ್ನ ಸೊಪ್ಗ ಬ್ಯಾಡ ಅಂದಿಲ್ಲ ಕಣ್ಲಾ ಸಿದ್ದ. ಆ ಎಣ್ಣಯವ್ನ ಮಾತ್ಗ ಬ್ಯಾಡ ಅಂದೆ. ಬಾ, ಕುಂತ್ಕ."

ಅವನು ಕೂರಲಿಲ್ಲ. ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಕುಯ್ಯಿಸಿ ದನಿ ಹೋದರೆ ಅದಕ್ಕೆ ಯಾರು ಹೊಣೆ ಎಂದು ಅವನು ಕೇಳಲಿಲ್ಲ, ಕೇಳಿದಂತೆಯೇ ಆಯಿತು.

ಕೊಯಮತ್ತೂರಿಗೆ ಎರಡನೆಯ ಸಲ ಹೋದಾಗ ನಾನು ಫೋನಿನ ಗೂಡು ತೆರೆದು ಸಿದ್ಧವಾಗಿ ಕೂತಿದ್ದೆ. ಅದರ ಅವಶ್ಯಕತೆ ಬೀಳಲಿಲ್ಲ. ಅವ್ವ ತಾನೇ ಕೇಳಿದಳು, ನಾನು ತಮಿಳಿನಲ್ಲಿ ಹೇಳುತ್ತಾ ಹೋದೆ. ನಾನು ಪದ ಹೇಳುವವಳು, ನಿಮಗೆ ಗೊತ್ತಾ? ಕುಯ್ಯುವವರು ನೀವೇನಾ, ಬೇರೆಯವರಾ? ನನ್ನಂಥವರಿಗೆ ಮಾಡಿದ್ದೀರಾ, ಅವರ ದನಿ ಏನಾಯಿತು? ಡಾಕ್ಟರರು ಈ ಸಲ ಕಾಗದ ಪಕ್ಕಕ್ಕಿಟ್ಟರು. ಏನೂ ಆಗುವುದಿಲ್ಲವೆಂದು ನಾನು ಮಾತು ಕೊಡಲಾರೆ, ನರವನ್ನು ಉಳಿಸಲು ಏನೇನು ಮಾಡುತ್ತೇನೆಂದು ಹೇಳಬಲ್ಲೆ ಎಂದು ಒಂದು ಚಿತ್ರ ಬರೆದು ತೋರಿಸಿದರು. ಅವ್ವ ಹೊರಗೆ ಬಂದು ಸೆರಗು ಸರಿಮಾಡಿಕೊಂಡಳು.

"ಎಲ್ಲಾ ಕಾಳೂ ಮೊಳಿತದ ಅನ್ನೋನ್ತಾವ ನಾನು ಯಾವತ್ತಾರ ಬಿತ್ತನ ತಕ್ಕಂಡಿದ್ದೀನಾ? ಇವ್ನು ಅಂಗ ಅನ್ನಲಿಲ್ಲ. ಕುಯ್ಲಿ ಬುಡು."

ದೀಪಾವಳಿಗೆ ಮುಂಚೆ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಉಸಿರು ಸರಾಗವಾಯಿತು, ದನಿ ಬರಲಿಲ್ಲ. ಗಾಳಿಯಲ್ಲಿ ಒಣಗಿದೆಲೆ ಎಳೆದಂತೆ ಒಂದು ಪಿಸುಮಾತು, ಅಷ್ಟೆ. ಹಿಂಗಾರು ಮಳೆ ಜೋರಾಗಿ ಹಿಡಿದಿತ್ತು. ಸಿದ್ದರಾಜು ನನ್ನ ಮುಖ ನೋಡದೆ ಊಟ ಮಾಡಿ ಎದ್ದುಹೋಗುತ್ತಿದ್ದ. ನಾನು ನೂಲಗಕ್ಕೆ ಹೋಗಿ ಅದೇ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದೆ, ಕೆಲವು ವಾರ ಎಂದರೆ ಎಷ್ಟು ವಾರ ಎಂದು ಅದು ಇವತ್ತಾದರೂ ಹೇಳೀತೆಂಬಂತೆ. ಒಂದು ದಿನ ಸೆಲ್ವಿ ಬಂದು ಕಂಪ್ಯೂಟರನ್ನು ಆರಿಸಿಬಿಟ್ಟಳು.

"ಸಾಕು ಟೀಚರ್. ಇದು ಅಮ್ಮಾವ್ರ ಕತ್ತು. ಈ ಕಂಪ್ಯೂಟರ್ಗ ಗೊತ್ತಿರೋದು ಇಷ್ಟೇ. ಮನೆಗ ಓಗಿ ಅವ್ರ ಪಕ್ಕ ಕೂತ್ಕಳಿ."

ಹೋಗಿ ಕೂತೆ. ರಾಗಿ ಕೊಯ್ಲಾಗಿ ತೆನೆ ಮೆದೆ ಹಾಕುವವರೆಗೂ ಕೂತೆ. ಬಿಸಿಲು ಚೆನ್ನಾಗಿ ಬಿದ್ದಿದ್ದ ಒಂದು ಬೆಳಿಗ್ಗೆ ಅವ್ವ ಜಗಲಿಯಲ್ಲಿ ಬೆನ್ನು ಕಾಯಿಸುತ್ತಿದ್ದಳು, ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಹಗ್ಗ ಬಿಚ್ಚಿಕೊಂಡ ಹಸು ಕಣಕ್ಕೆ ನುಗ್ಗಿ ಮೆದೆಗೆ ಬಾಯಿ ಹಾಕಿತು.

"ಲಾ ಸಿದ್ದಾ! ದನ ಕಣ್ಲಾ!"

ಬಿರುಕು ಬಿಟ್ಟ, ಒರಟಾದ, ಆದರೆ ಕಣ ದಾಟಿ ಕೊಟ್ಟಿಗೆಗೆ ಮುಟ್ಟಿದ ದನಿ. ಸಿದ್ದರಾಜು ಓಡಿ ಬಂದ. ಹಸುವಿನ ಕಡೆಗಲ್ಲ, ಜಗಲಿಯ ಕಡೆಗೆ. ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು, "ಇನ್ನೊಂದ್ಸಲ ಕರಿಯವ್ವ" ಎಂದ. ಅವಳು ದನ ನೋಡಲಾ ಎಂದು ಬೈದಳು. ಅವನು ಅಳುತ್ತಾ ಬೈಸಿಕೊಂಡ. ನಾನು ಸೋಸುವ ಬಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ಹಸು ಸಾವಕಾಶವಾಗಿ ರಾಗಿ ತಿಂದಿತು.

ಮೊದಲಿನ ದನಿ ಪೂರ್ತಿ ಬರಲಿಲ್ಲ. ಮೇಲಿನ ಎತ್ತರ ಹೋಯಿತು. ಅದಕ್ಕೆ ನಾನು ಅತ್ತಿದ್ದೇನೆ, ಈಗಲೂ ಒಮ್ಮೊಮ್ಮೆ ಅಳು ಬರುತ್ತದೆ. ಅವ್ವ ಅಳಲಿಲ್ಲ. ಪದಗಳನ್ನೆಲ್ಲ ಕೆಳಗಿಳಿಸಿಕೊಂಡು, ಎತ್ತರದ ಜಾಗಗಳನ್ನು ಗೌರಿಗೆ ಕಲಿಸಿದಳು.

ಕಳೆದ ವಾರದ ಮದುವೆ ಮನೆಯಲ್ಲಿ ಎಣ್ಣೆ ಶಾಸ್ತ್ರಕ್ಕೆ ಹೆಂಗಸರು ಕೂತಿದ್ದರು. ಬಸ್ಸಿನಲ್ಲಿ ಸಿಕ್ಕಿದ್ದ ಪುಟ್ಟತಾಯಮ್ಮ ಅವ್ವನ ಕುತ್ತಿಗೆಯ ಹೊಲಿಗೆ ಗೆರೆಯನ್ನೇ ನೋಡುತ್ತಿದ್ದವಳು ಅವಳ ಪಕ್ಕಕ್ಕೆ ಸರಿದು ಕೂತಳು.

"ಅಕ್ಕ, ನೀವು ಕುಯ್ಸ್ಕಂಡ್ರಂತಲ್ಲ. ನಿಮ್ಗ ದನಿ ಬಂತಲ್ಲ. ಅಂಗಾರ ನಾನೂ ಕುಯ್ಸ್ಕಬೋದಾ? ನೀವ್ ಊ ಅನ್ನಿ, ಸಾಕು."

ಊ ಎಂದುಬಿಡು ಅವ್ವ ಎಂದು ನಾನು ಮನಸ್ಸಿನಲ್ಲೇ ಹೇಳಿದೆ. ಅವ್ವ ತಲೆಯಾಡಿಸಿದಳು.

"ನಂದು ನನ್ನ ಒಲದ ಬೆಳ ಕಣವ್ವ. ಒಂದ್ ಒಲದ ಬೆಳ ನೋಡ್ಬುಟ್ಟು ನೀ ಬಿತ್ಬ್ಯಾಡ. ನಿನ್ನ ಗಡ್ಡ ನೋಡ್ದವ್ರ ಕೇಳು. ಅವ್ರ್ನೂ ಸುಮ್ನ ನಂಬ್ಬ್ಯಾಡ, ಯಾರ ಒಲದ್ದು ಅಂತ ಬಿತ್ತನ ಕೇಳ್ದಂಗ ಕೇಳು." ನನ್ನ ಕಡೆ ತಿರುಗಿ, "ಅಮ್ಮಿ, ಆ ಗೂಡು ತಗ್ದು ಇವ್ಳ್ಗ ಓದಿ ಏಳು."

ಆಮೇಲೆ ಸೊಲ್ಲೆತ್ತಿದಳು. ತಗ್ಗಿನಲ್ಲಿ, ಸ್ವಲ್ಪ ಒರಟಾಗಿ. ಎತ್ತರ ಬರುವ ಕಡೆ ನಿಲ್ಲಿಸಿ ಗೌರಿಯ ಕಡೆ ನೋಡಿದಳು, ಗೌರಿ ಹಿಡಿದುಕೊಂಡಳು. ಪುಟ್ಟತಾಯಮ್ಮ ಅಷ್ಟು ಹೊತ್ತು ಕೇಳಿಸಿಕೊಂಡು, ಕುತ್ತಿಗೆಯ ಬಟ್ಟೆ ಬಿಚ್ಚಿ ಸೊಪ್ಪಿನ ಸಮೇತ ಮಡಿಲಲ್ಲಿಟ್ಟುಕೊಂಡು, ನನ್ನ ಫೋನಿನ ಮೇಲೆ ಬಗ್ಗಿದಳು.

"ಮೊದ್ಲು, ಯಾರ್ ಬರ್ದದ್ದು ಅಂತ ಓದಿ ಟೀಚರ್" ಎಂದಳು.